ತಾಟಿನ ಕೆಳಗಿನ ಒದ್ದೆ ಬಟ್ಟೆ

ನನ್ನ ಗಂಡ ಸರಕಿನ ಹಡಗುಗಳಲ್ಲಿ ಪ್ರಯಾಣಿಕನಾಗಿ ಎರಡೂವರೆ ವರ್ಷ ಲೋಕ ಸುತ್ತಿ ಹುಮನಾಬಾದಿಗೆ ಮರಳಿದಾಗ, ಅದನ್ನು ನಂಬದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ನಾನು. ಅನುಮಾನ ನನಗೆ ತವರಿನ ಬಳುವಳಿ. ಹಾಲಿನವಳ ತಂಬಿಗೆಯಲ್ಲಿ ಬೆರಳದ್ದಿ ನೋಡದೆ ನಮ್ಮವ್ವ ಒಂದು ದಿನವೂ ಹಾಲು ಹಾಕಿಸಿಕೊಂಡವಳಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ಕೇಳಿಬಂದರೆ ನಮ್ಮ ಮನೆಯಲ್ಲಿ ದಿನಕ್ಕೆರಡು ಸಲ ಕೇಳಿಬರುತ್ತಿತ್ತು.

ಮದುವೆಯಾದಾಗ ನನಗೆ ಹದಿನಾಲ್ಕು. ಹದಿನಾರಕ್ಕೆ ಹುಮನಾಬಾದಿನ ಗಂಡನ ಮನೆಗೆ ಬಾಳುವೆ ಮಾಡಲು ಹೋದೆ. ಅವರದು ಅಡತಿ ಅಂಗಡಿ. ಸುತ್ತಲಿನ ರೈತರ ಜೋಳ, ತೊಗರಿ, ಶೇಂಗಾ ಬಂದು ಬೀಳುವ ಜಾಗ. ಅಂಗಡಿಯ ಹಿಂದೆಯೇ ಮನೆ, ಮನೆಯ ತುಂಬ ಗೋಣಿಚೀಲದ ವಾಸನೆ. ಎಂಟು ತಿಂಗಳು ಸಂಸಾರ ಮಾಡಿದೆವೋ ಇಲ್ಲವೋ, ನಲವತ್ತೇಳರ ಬೇಸಿಗೆಗೆ ಮೊದಲು ಅವರು ಮುಂಬಯಿಗೆ ಹೋಗಿ ಬರುತ್ತೇನೆಂದು ಹೊರಟರು. ಮದುವೆಯಲ್ಲಿ ನಮ್ಮಪ್ಪ ಅಳಿಯನಿಗೆ ಹಾಕಿದ ಬಂಗಾರದ ಸರವೂ ಅವರ ಕೊರಳಲ್ಲೇ ಹೋಯಿತು. ಹೋದವರು ಬರಲಿಲ್ಲ. ಎರಡು ಕಾಗದ ಬಂದವು, ಎರಡೂ ಮಾವನ ಹೆಸರಿಗೆ. ಆರಾಮಾಗಿದ್ದೇನೆ, ಹಡಗು ನಿಂತಿದೆ, ಇಷ್ಟೇ. ನನ್ನ ವಿಷಯ ಒಂದಕ್ಷರವಿಲ್ಲ. ನಮ್ಮಪ್ಪ ಬಂದು ನನ್ನನ್ನು ಕಲ್ಯಾಣಿಗೆ ಕರೆದೊಯ್ದ. ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು.

ಆಮೇಲೆ ನಮ್ಮ ಸೀಮೆಗೆ ಹಿಂದೂ ಮುಸಲ್ಮಾನರ ಗದ್ದಲದ ಕಾಲ ಬಂತು. ಹೊತ್ತು ಮುಳುಗುವ ಮೊದಲೇ ಓಣಿಯ ಬಾಗಿಲುಗಳೆಲ್ಲ ಮುಚ್ಚುತ್ತಿದ್ದವು. ಪಕ್ಕದ ಮುಸಲ್ಮಾನರ ಮನೆಯ ಖಾಲಾ ನನ್ನನ್ನು ಎತ್ತಿ ಆಡಿಸಿದವರು. ನಮ್ಮೆರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು, ಅದರಿಂದ ಒಲೆಯ ಕೆಂಡ ಕೊಟ್ಟು ಇಸಿದುಕೊಳ್ಳುತ್ತಿದ್ದೆವು. ಒಂದು ದಿನ ನಮ್ಮಪ್ಪ ಆ ಕಿಂಡಿಗೆ ಇಟ್ಟಿಗೆ ಇಟ್ಟ. ಮರುದಿನ ನೋಡಿದರೆ ಆ ಕಡೆಯಿಂದಲೂ ಒಂದು ಇಟ್ಟಿಗೆ ಕೂತಿತ್ತು. ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆಯಾಗಿ ಹೆದರುವ ಪಾಳಿ ಅವರಿಗೆ ಬಂದಾಗ, ನಮ್ಮವ್ವನೇ ಹಿತ್ತಲ ಬಾಗಿಲು ತೆರೆದು ಖಾಲಾಳನ್ನೂ ಅವರ ಸೊಸೆಯನ್ನೂ ಹದಿನೈದು ದಿನ ಒಳಗಿಟ್ಟುಕೊಂಡಳು. ಇಟ್ಟಿಗೆ ಮಾತ್ರ ಇದ್ದಲ್ಲೇ ಇತ್ತು. ಯಾರೂ ಸುಮ್ಮನೆ ಬರದ, ಯಾರೂ ಸುಮ್ಮನೆ ಹೋಗದ ಕಾಲ ಅದು. ನಾವು ಹೀಗೆ ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ ನನ್ನ ಗಂಡ ಎಲ್ಲಿದ್ದರು ಎಂಬ ಸಿಟ್ಟು ನನಗೆ ಆರಲೇ ಇಲ್ಲ.

ನಲವತ್ತೊಂಬತ್ತರ ದೀಪಾವಳಿಗೆ ಸುದ್ದಿ ಬಂತು, ಅಳಿಯ ಬಂದಿದ್ದಾನೆಂದು. ನಮ್ಮಪ್ಪ ಹುಮನಾಬಾದಿಗೆ ಹೋಗಿ ಅವರನ್ನು ಎದುರು ಕೂರಿಸಿಕೊಂಡು ಕೇಳಿ ಬಂದ. ಬಂದವನು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ ನಮ್ಮವ್ವನಿಗೆ ಹೇಳಿದ: "ಮಾಲಿನ ಹಡಗದಾಗ ಕುಂತು ದೇಶ ದೇಶ ತಿರಗ್ಯಾನಂತ. ಯಾಕ ಹೋಗಿದ್ರೀ ಅಂದ್ರ, ನೋಡಾಕ ಅಂದ."

"ಏನ್ ನೋಡಾಕ?"

"ಅದನ್ನೇ ನಾನೂ ಕೇಳ್ದೆ. ಸುಮ್ಮ ನೋಡಾಕ, ಅಂದ."

ನಮ್ಮವ್ವ ಹಣೆ ಬಡಿದುಕೊಂಡಳು. ವ್ಯಾಪಾರಕ್ಕೆ ಹೋದೆ ಎಂದಿದ್ದರೆ ಆಗುತ್ತಿತ್ತು. ಕೋರ್ಟು ಕೆಲಸಕ್ಕೆ, ದವಾಖಾನೆಗೆ, ಮದುವೆಗೆ, ಹೋಗಲಿ, ಜಗಳಾಡಿ ಹೋದೆ ಎಂದಿದ್ದರೂ ಆಗುತ್ತಿತ್ತು. ಸುಮ್ಮನೆ ನೋಡಲು ಎರಡೂವರೆ ವರ್ಷ ಹೋದ ಮನುಷ್ಯನನ್ನು ನಮ್ಮ ಎರಡೂ ಊರುಗಳಲ್ಲಿ ಯಾರೂ ಕಂಡಿರಲಿಲ್ಲ. ಜೇಲಿನಲ್ಲಿದ್ದಿರಬೇಕು, ಇಲ್ಲವೆ ಎಲ್ಲೋ ಇನ್ನೊಂದು ಸಂಸಾರ ಹೂಡಿರಬೇಕು. ಮೂರನೆಯದು ಯಾರಿಗೂ ಹೊಳೆಯಲಿಲ್ಲ.

ನಮ್ಮಪ್ಪ ನನ್ನನ್ನು ಕರೆದು ನೇರವಾಗಿ ಹೇಳಿದ: "ಸಂಕ್ರಾಂತಿ ಮುಗಿಸಿ ಹೋಗು. ಯುಗಾದಿ ತನಕ ಇರು. ಕಣ್ಣ ತಕ್ಕೊಂಡಿರು. ಮನಸ್ಸು ಒಪ್ಪಿದ್ರ ಅದು ನಿನ್ನ ಮನಿ. ಇಲ್ಲಾಂದ್ರ ನಾಕು ಮಂದಿ ಪಂಚರನ್ನ ಕೂಡಸಿ ಸೋಡಚೀಟಿ ಬರಸ್ಕೋತೀನಿ. ನಿನಗಿನ್ನೂ ಇಪ್ಪತ್ತು ತುಂಬಿಲ್ಲ ಮಗಳ." ಸೋಡಚೀಟಿ ಎಂದರೆ ಈಕೆಯನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಗಂಡ ಬರೆದುಕೊಡುವ ಕಾಗದ. ಅದು ಕೈಗೆ ಬಂದರೆ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಂಡು ಬೇರೆ ಮನೆ ಸೇರಬಹುದು. ಹೀಗೆ ನಾನು ಹೆಂಡತಿಯಾಗಿಯಲ್ಲ, ಬೇಹುಗಾರ್ತಿಯಾಗಿ ಹುಮನಾಬಾದಿಗೆ ಹೋದೆ.

ಅಲ್ಲಿ ನನಗಿಂತ ಮೊದಲೇ ಶೋಧ ಶುರುವಾಗಿತ್ತು. ಅಡತಿಯ ಮಂದಿಗೆ ಮಾಲು ಗೊತ್ತು, ಮಾಲಿನ ಗಾಡಿ ಗೊತ್ತು. ಚೀಲ ಹೇರಿದ ಗಾಡಿಯ ಮೇಲೆ ಕೂತು ಬರುವವನು ಒಂದೋ ಮಾಲಿನ ಧಣಿ, ಇಲ್ಲವೆ ಹಮಾಲ. ಧಣಿಯಲ್ಲ ಎಂದ ಮೇಲೆ ಹಮಾಲನೇ ಸೈ. ರೊಕ್ಕ ಕೊಟ್ಟು ಚೀಲದ ಜೊತೆ ಪ್ರಯಾಣ ಮಾಡುವ ಹುಚ್ಚ ಯಾರು? ನನ್ನ ಮಾವ ಬಾಯಿಬಿಟ್ಟು ಏನೂ ಕೇಳಲಿಲ್ಲ. ಒಂದು ಸೋಮವಾರ ಮಗನಿಗೆ ಎಣ್ಣೆ ಹಚ್ಚಿ ಎರೆಯುವ ನೆಪ ಮಾಡಿ ಬಚ್ಚಲಲ್ಲಿ ಕೂರಿಸಿದರು. ವರ್ಷಗಟ್ಟಲೆ ಚೀಲ ಹೊತ್ತವನ ಕುತ್ತಿಗೆಯ ಬುಡದಲ್ಲಿ ಚರ್ಮ ದಡ್ಡುಗಟ್ಟಿರುತ್ತದೆ. ಮಾವ ಕುಂಬಳಕಾಯಿ ಕಳ್ಳನ ಹೆಗಲು ನೋಡುವವರಂತೆ ಎಣ್ಣೆಗೈಯಲ್ಲಿ ಮಗನ ಹೆಗಲು, ಕುತ್ತಿಗೆ ಎಲ್ಲ ತಿಕ್ಕಿ ತಿಕ್ಕಿ ನೋಡಿದರು. ದಡ್ಡಿರಲಿಲ್ಲ. ಹೊರಗೆ ಬಂದು ಅತ್ತೆಗೆ, "ಮೈ ಬೆಣ್ಣಿ ಹಂಗ ಅದ, ಏನೂ ದುಡದಿಲ್ಲ ಇಂವ" ಎಂದು ಇನ್ನಷ್ಟು ಚಿಂತೆಯಿಂದ ಹೇಳಿದರು.

ಅತ್ತೆಗೆ ಮಗನನ್ನು ನಂಬುವ ಆಸೆ ಬಹಳ ಇತ್ತು, ಪಾಪ. ಅದಕ್ಕೇ ಏನಾದರೂ ಸೋಜಿಗದ ಮಾತು ಹೇಳಲಿ ಎಂದು ಕಾಯುತ್ತಿದ್ದರು. "ಮೊಸಳಿ ನೋಡಿದೇನೋ? ದೊಡ್ಡ ಮೀನ?"

"ಇಲ್ಲ ಯವ್ವಾ."

"ಮತ್ತ ಏನ್ ನೋಡಿದಿ?"

"ನೀರು."

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು. ನನ್ನ ಗಂಡ ಹೇಳುವುದೆಲ್ಲ ಹೀಗೇ ಇರುತ್ತಿತ್ತು. ಹಡಗಿನಲ್ಲಿ ಹತ್ತು ಹನ್ನೆರಡು ಪ್ರಯಾಣಿಕರು, ಉಳಿದದ್ದೆಲ್ಲ ಮಾಲು. ಏಡನ್ನಿನಲ್ಲಿ ಒಂಬತ್ತು ದಿನ ನಿಂತೆವು, ಉಪ್ಪು ತುಂಬುತ್ತಿದ್ದರು, ನಾನು ಕಟಕಟೆ ಹಿಡಿದು ನೋಡುತ್ತಿದ್ದೆ. ಮೊಂಬಾಸಾದಲ್ಲಿ ಮುಂದಿನ ಹಡಗು ಬೇಗ ಸಿಗಲಿಲ್ಲ, ಒಬ್ಬ ಗುಜರಾತಿಯ ಅಂಗಡಿಯಲ್ಲಿ ಎಂಟು ತಿಂಗಳು ಕೂತೆ. ಮಾರ್ಸೇಲ್ಸಿನಲ್ಲಿ ಚಳಿ ಇತ್ತು. ಲೋಕ ಸುತ್ತಿ ಬಂದವನ ಬಾಯಲ್ಲಿ ಬರುವ ಮಾತೇ ಇವು? ಈಗ ಅನಿಸುತ್ತದೆ, ಸುಳ್ಳು ಹೇಳುವವನಾಗಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದ. ಆಗ ಅಷ್ಟು ಬುದ್ಧಿ ಓಡಲಿಲ್ಲ. ಓಡಿದ್ದೆಲ್ಲ ಆ ಬಟ್ಟೆಯ ಕಡೆಗೆ.

ನಮ್ಮಲ್ಲಿ ಊಟದ ತಾಟನ್ನು ನೆಲದ ಮೇಲಿಡುವುದಿಲ್ಲ. ಮೂರು ಕಾಲಿನ ಗಿಡ್ಡ ಅಡ್ಡಣಿಗೆಯ ಮೇಲಿಟ್ಟು ಉಣ್ಣುತ್ತೇವೆ. ನಾನು ಹೋದ ದಿನ ಅವರಿಗೆ ಅಡ್ಡಣಿಗೆ ಹಾಕಿ ತಾಟು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಟ್ರಂಕಿನಿಂದ ಒಂದು ಬಿಳಿ ಬಟ್ಟೆ ತೆಗೆದು, ಚೊಂಬಿನ ನೀರಿನಲ್ಲಿ ಅದ್ದಿ ಹಿಂಡಿ, ಅಡ್ಡಣಿಗೆಯ ಮೇಲೆ ನೀಟಾಗಿ ಹಾಸಿದ್ದರು. ನೀಲಿ ಅಂಚಿನ ಬಟ್ಟೆ. ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಚಿಕ್ಕದೊಂದು ಗುರುತು.

"ಇದ್ಯಾಕ್ರಿ?" ಎಂದೆ.

"ತಾಟ ಜಾರಬಾರದಂತ."

ಹುಮನಾಬಾದಿನ ಗಟ್ಟಿ ನೆಲದ ಮೇಲೆ, ಮೂರು ಕಾಲಿನ ಅಡ್ಡಣಿಗೆಯ ಮೇಲೆ, ಕಂಚಿನ ತಾಟು ಎಲ್ಲಿಗೆ ಜಾರುತ್ತದೆ? ಹಡಗಿನಲ್ಲಿ ರೂಢಿಯಾಯಿತು ಎಂದೇನೋ ಹೇಳಿದರು. ನನಗದು ಕೇಳಿಸಲೇ ಇಲ್ಲ. ಅತ್ತೆ ಒಳಗಿನಿಂದ, "ಉಣ್ಣೋ ತಾಟಿನ ಬುಡಕ ಹಸಿ ಅರಿಬಿ! ಯಾರ ಮನ್ಯಾಗಿನ ರೂಢಿನೋ ಇದು?" ಎಂದು ಗೊಣಗಿದರು. ಅತ್ತೆ ಸಹಜವಾಗಿ ಅಂದ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಯಾರ ಮನೆಯ ರೂಢಿ? ಗಂಡಸಿಗೆ ಉಣ್ಣುವ ರೂಢಿ ಕಲಿಸುವವರು ಇಬ್ಬರೇ, ತಾಯಿ ಇಲ್ಲವೆ ಹೆಂಡತಿ. ತಾಯಿ ಇಲ್ಲೇ ಮೊರ ಹಿಡಿದು ಕೂತಿದ್ದಾಳೆ. ಹೆಂಡತಿ ನಾನು, ನಾನು ಕಲಿಸಿಲ್ಲ.

ಅಂದಿನಿಂದ ದಿನವೂ ಎರಡು ಹೊತ್ತು ಆ ಬಟ್ಟೆ ನೋಡುವುದೇ ನನ್ನ ಕೆಲಸ. ಅದನ್ನು ಅವರೇ ಒಗೆಯುತ್ತಿದ್ದರು, ಅವರೇ ಒಣಗಿಸಿ ಮಡಿಸುತ್ತಿದ್ದರು. ಅಂಚಿನ ಹೊಲಿಗೆ ಬಲು ಸಣ್ಣದು, ಒಂದರ ಪಕ್ಕ ಒಂದು ಇರುವೆ ಸಾಲಿನಂತೆ. ಗಂಡಸಿನ ಕೈಯಲ್ಲ ಅದು. ಮೂಲೆಯ ಗುರುತು ಅವಳ ಹೆಸರಿನದೇ ಇರಬೇಕು ಎಂದುಕೊಂಡೆ. ಅವಳು ಹೇಗಿದ್ದಾಳೆ, ಬೆಳ್ಳಗೋ ಕಪ್ಪಗೋ, ಮೇಜಿನ ಮೇಲೆ ಬಡಿಸುತ್ತಾಳೋ ಕೆಳಗೋ ಎಂದೆಲ್ಲ ಒಲೆಯ ಮುಂದೆ ಕೂತು ಕಟ್ಟುತ್ತಿದ್ದೆ. ರೊಟ್ಟಿ ಸೀದು ಹೋಗುತ್ತಿತ್ತು. ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಸುಳ್ಳು ಹೇಳುತ್ತಾರೆ, ಸುಮ್ಮನೆ ನೋಡುತ್ತಿದ್ದರೆ ಸಿಕ್ಕಿಬೀಳುತ್ತಾರೆ ಎಂಬುದು ನನ್ನ ಜಾಣತನ.

ಶಿವರಾತ್ರಿ ಕಳೆದು ಒಂದು ಮಧ್ಯಾಹ್ನ, ಅವರು ಅಂಗಡಿಗೂ ಅತ್ತೆ ನೆರೆಮನೆಗೂ ಹೋಗಿದ್ದಾಗ, ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದ ಆ ಬಟ್ಟೆಯನ್ನು ಎಳೆದು ತಂದು ಒಲೆಗೆ ತುರುಕಿದೆ. ಭಗ್ಗನೆ ಉರಿಯಿತು. ಎಷ್ಟು ಸಮಾಧಾನವಾಯಿತು ಎಂದರೆ ಅಲ್ಲೇ ಕೂತು ಎರಡು ರೊಟ್ಟಿ ತಿಂದೆ. ಸಂಜೆ ಅವರು ಹಗ್ಗದ ಬಳಿ ನಿಂತು, "ಆ ಅರಿಬಿ ಎಲ್ಲೈತಿ?" ಎಂದು ಕೇಳಿದರು.

"ಗಾಳಿಗಿ ಹೋಗಿರಬೇಕ್ರಿ. ಇವತ್ತ ಬಾಳ ಗಾಳಿ ಇತ್ತು."

ಎಲೆ ಅಲುಗಿರಲಿಲ್ಲ ಅಂದು. ಅವರು ಸರಿ ಎಂದು ಊಟಕ್ಕೆ ಕೂತರು. ಅವತ್ತಿನಿಂದ ಎಡಗೈಯ ಹೆಬ್ಬೆರಳಿನಿಂದ ತಾಟಿನ ಅಂಚು ಒತ್ತಿ ಹಿಡಿದು ಉಣ್ಣತೊಡಗಿದರು. ಇನ್ನೊಂದು ಬಟ್ಟೆ ಹಾಸಲಿಲ್ಲ. ಅವಳು ಕೊಟ್ಟದ್ದು ಬಿಟ್ಟು ಬೇರೆ ಬಟ್ಟೆ ಆಗುವುದಿಲ್ಲ ನೋಡು ಎಂದು ಅದಕ್ಕೂ ಒಂದು ಅರ್ಥ ಹಚ್ಚಿದೆ.

ಯುಗಾದಿಯ ಮರುದಿನ ನಮ್ಮಪ್ಪ ಬಂದ. ಅಡತಿಯ ಅಂಗಡಿಯಲ್ಲೇ ಚೀಲಗಳ ಮೇಲೆ ಪಂಚರು ನಾಲ್ವರು ಕೂತರು. ನಾನು ನಡುಬಾಗಿಲಲ್ಲಿ ಸೆರಗು ಹೊದ್ದು ನಿಂತೆ. ಅಪ್ಪ ಕೇಳಿದ, "ಹೇಳವ್ವ, ಇರತಿಯೋ, ಬರತಿಯೋ?"

"ಬರತೀನಿ" ಎಂದೆ. ಅತ್ತೆ ಗಟ್ಟಿಯಾಗಿ ಅತ್ತುಬಿಟ್ಟರು.

ಪಂಚರಲ್ಲಿ ಹಿರಿಯರು ನನ್ನ ಗಂಡನ ಕಡೆ ತಿರುಗಿ, "ಹಡಗದಾಗ ಇದ್ದೆ ಅನ್ನಾಕ ಏನರ ಕಾಗದ ಪತ್ರ ಅದ ಏನಪಾ?" ಎಂದರು. ಅವರು ಟ್ರಂಕಿನಿಂದ ಪಾಸ್‌ಪೋರ್ಟಿನ ಪುಸ್ತಕ ತಂದುಕೊಟ್ಟರು. ನಾಲ್ವರ ಕೈಯಲ್ಲೂ ಅದು ಸುತ್ತಿತು. ಅವರಿಗೆ ಉರ್ದು, ಮರಾಠಿ, ಕನ್ನಡ ಮೂರೂ ಬರುತ್ತಿದ್ದವು, ಇಂಗ್ಲಿಷ್ ಒಬ್ಬರಿಗೂ ಬಾರದು. "ಮೊಹರೇನೋ ಬಾಳ ಅವ. ಜೇಲಿನಾಗೂ ಮೊಹರ ಹಾಕತಾರಪಾ" ಎಂದರು ಒಬ್ಬರು. ತಮಾಷೆಗೆ ಹೇಳಿದ್ದಲ್ಲ. ಗದ್ದಲದ ಕಾಲದಲ್ಲಿ ಎಲ್ಲರ ಕಿಸೆಯಲ್ಲೂ ಒಂದೊಂದು ಮೊಹರಿನ ಕಾಗದ ಇದ್ದದ್ದನ್ನೂ, ಅದು ಯಾರನ್ನೂ ಕಾಯದೇ ಹೋದದ್ದನ್ನೂ ಕಂಡವರು ಅವರು.

ನನ್ನ ಗಂಡ ಪುಸ್ತಕ ತಿರುಗಿ ಇಸಿದುಕೊಂಡರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ಮಾತು ನಂಬಬ್ಯಾಡ್ರಿ, ಕಾಗದ ನಂಬಬ್ಯಾಡ್ರಿ. ಆಕಿನ್ನ ನನ್ನ ಸಂಗಾಟ ಒಂದ ಸಲ ಹಡಗದಾಗ ಕಳಸ್ರಿ. ಮುಂಬಯಿಯಿಂದ ಕೊಚ್ಚಿ ತನಕ. ಆಕಿ ಕಣ್ಣಾರೆ ನೋಡಲಿ. ಸೋಡಚೀಟಿ ಈಗೇ ಬರದು ಆಕಿ ಕೈಯಾಗ ಕೊಡತೀನಿ. ಸುಳ್ಳ ಅನಿಸ್ತು, ಅದನ್ನ ಹಿಡಕೊಂಡು ತವರಿಗಿ ಹೋಗಲಿ."

ಗಲಾಟೆಯೋ ಗಲಾಟೆ. ಹೆಣ್ಣುಮಗಳು ಸಮುದ್ರದ ಮೇಲೆ ಹೋಗುವುದೇ, ನೂಕಿಬಿಟ್ಟರೆ ಕೇಳುವವರು ಯಾರು ಎಂದು ಒಬ್ಬರು ನನ್ನೆದುರಿಗೇ ಕೇಳಿದರು. ನಮ್ಮಪ್ಪ ನನ್ನ ಮುಖ ನೋಡಿದ. ಪ್ರಮಾಣಿಸಿ ನೋಡು ಎನ್ನುವ ಮನೆಯವಳು ನಾನು, ಹಿಂದೆ ಸರಿಯುವುದು ಹೇಗೆ? "ಬರಕೊಡ್ರಿ, ಹೋಗತೀನಿ" ಎಂದೆ. ಅವರು ದೌತಿಯಲ್ಲಿ ಟಾಕು ಅದ್ದಿ ಅಲ್ಲೇ ಬರೆದು ರುಜು ಹಾಕಿದರು. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮೇ ತಿಂಗಳಲ್ಲಿ ಹೊರಟೆವು. ಸೋಲಾಪುರದವರೆಗೆ ಮೋಟಾರು, ಅಲ್ಲಿಂದ ರೈಲು. ಅತ್ತೆ ಐವತ್ತು ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾದ ಹಿಂಡಿ ಕಟ್ಟಿಕೊಟ್ಟಿದ್ದರು. ಹಡಗು ಹತ್ತಿದರೆ ಮೂಗಿಗೆ ಬಂದದ್ದು ಹುಮನಾಬಾದಿನ ನಮ್ಮ ಮನೆಯದೇ ವಾಸನೆ, ಗೋಣಿಚೀಲದ್ದು. ಹತ್ತಿದ ಮೇಲೆ ನಾಲ್ಕು ದಿನ ಅದು ಅಲುಗಲೇ ಇಲ್ಲ. ಇಡೀ ದಿನ ಚೀಲ ಇಳಿಸುವುದು, ಚೀಲ ಏರಿಸುವುದು. ನನ್ನ ಗಂಡ ಕಟಕಟೆ ಹಿಡಿದು ಅದನ್ನು ನೋಡುತ್ತ ನಿಂತಿರುತ್ತಿದ್ದರು, ಮುಖದಲ್ಲಿ ಒಂದು ಥರದ ತೃಪ್ತಿ. ಇದು ಹೊರಡುವುದೇ ಇಲ್ಲ, ಇಲ್ಲೇ ನಿಂತು ಊರಿಗೆ ಮರಳಿ ಲೋಕ ಸುತ್ತಿದೆ ಎನ್ನುತ್ತಾರೆ ಎಂದು ನನಗೆ ಹೊಸ ಅನುಮಾನ ಶುರುವಾಯಿತು. ಐದನೆಯ ದಿನ ಹೊರಟಿತು. ಎತ್ತಿನ ಗಾಡಿಯೇ ಮೇಲು, ಅಷ್ಟು ನಿಧಾನ. ನಾನೂ ಕಟಕಟೆ ಹಿಡಿದು ನಿಂತೆ. ನೀರು. ಎತ್ತ ನೋಡಿದರೂ ನೀರು. ಅತ್ತೆಗೆ ಅವರು ಹೇಳಿದ ಮಾತು ಖರೆಯೇ ಆಗಿತ್ತು, ಅದಕ್ಕಿಂತ ಹೆಚ್ಚು ಹೇಳಲು ನನಗೂ ಬರುತ್ತಿರಲಿಲ್ಲ.

ಹೊರಟ ಮೇಲೂ ಮೊದಲೆರಡು ದಿನ ರೊಟ್ಟಿ ಹಿಂಡಿಯಲ್ಲೇ ಕಳೆದವು. ಮೂರನೆಯ ದಿನ ಸಮುದ್ರ ಎದ್ದಿತು. ಹಡಗು ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ. ಅನ್ನ ಬೇಳೆಯಾದರೂ ಉಣ್ಣು ಎಂದು ಅವರು ನನ್ನನ್ನು ಮೇಜು ಹಾಕಿದ ಊಟದ ಕೋಣೆಗೆ ಕರೆದೊಯ್ದರು. ಬಡಿಸುವವನು ಗೋವೆಯ ಕಡೆಯ ಹಿರಿಯ. ಅವನು ತಾಟು ಇಡುವ ಮೊದಲು ಒಂದು ಜಗ್ಗು ನೀರು ತಂದು, ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಗೆ ಸುರಿದು, ಅಂಗೈಯಿಂದ ಒದ್ದೆ ಮಾಡುತ್ತ ಹೋದ. ಅದರ ಮೇಲೆ ತಾಟು ಇಟ್ಟ. ಹಡಗು ವಾಲಿತು. ನೀರು ತಾಗದ ಮೂಲೆಯಲ್ಲಿದ್ದ ಉಪ್ಪಿನ ಕುಡಿಕೆ ಸರ್ರನೆ ಜಾರಿ ಕೆಳಗೆ ಬಿದ್ದು ಒಡೆಯಿತು. ಅವರ ತಾಟು ಇಟ್ಟಲ್ಲೇ ಇತ್ತು. ಆಮೇಲೆ ಅವನು ಕಪಾಟು ತೆರೆದು ಎಲ್ಲರಿಗೂ ಕೈ ಒರೆಸುವ ಬಟ್ಟೆ ಹಂಚಿದ. ಬಿಳಿ ಬಟ್ಟೆ, ನೀಲಿ ಅಂಚು, ಮೂಲೆಯಲ್ಲಿ ಕೆಂಪು ದಾರದ ಅದೇ ಗುರುತು, ಹಡಗಿನ ಕಂಪನಿಯದು. ಕಪಾಟಿನಲ್ಲಿ ಅಂಥವು ಇನ್ನೂ ಎರಡು ಅಟ್ಟಿ ಇದ್ದವು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಅಯ್ಯೋ ಶಿವನೇ, ನಾನು ಯಾರನ್ನು ಸುಟ್ಟೆ! ಮೂರು ತಿಂಗಳು ಒಲೆಯ ಮುಂದೆ ಕೂತು ನಾನೇ ಹುಟ್ಟಿಸಿ, ನಾನೇ ದ್ವೇಷಿಸಿದ ಆ ಹೆಂಗಸು ಇರಲೇ ಇಲ್ಲ. ಆ ಮನೆಯಲ್ಲಿ ಸುಳ್ಳು ಹೇಳಿದವರು ಒಬ್ಬರೇ, ಅದು ನಾನು.

"ಆ ಅರಿಬಿ ಗಾಳಿಗಿ ಹೋಗಿಲ್ರಿ" ಎಂದೆ. "ನಾನೇ ಒಲಿಗಿ ಹಾಕೀನಿ."

ಅವರು ಅನ್ನ ಕಲಸುತ್ತ ತಲೆ ಎತ್ತದೆಯೇ ಹೇಳಿದರು: "ಗೊತ್ತದ. ಮರುದಿನ ಹಲ್ಲ ತಿಕ್ಕಾಕ ಒಲಿ ಬೂದಿ ತಗೊಂಡ್ನಲ್ಲ, ಅದರಾಗ ಮೂಲಿ ತುಂಡ ಇತ್ತು. ಕೆಂಪ ದಾರ ಇನ್ನೂ ಸುಟ್ಟಿರಲಿಲ್ಲ."

ಪಂಚರ ಮುಂದೆ ನಿಂತಾಗ ಅವರಿಗೆ ಅದು ಗೊತ್ತಿತ್ತು. ಚೀಟಿ ಬರೆದು ನನ್ನ ಕೈಗೆ ಕೊಡುವಾಗಲೂ ಗೊತ್ತಿತ್ತು. "ಮತ್ತ ಯಾಕ್ರಿ ನನ್ನ ಕೇಳಲಿಲ್ಲ?" ಎಂದೆ.

"ಕೇಳಿದ್ರ ನೀ ಇನ್ನೊಂದ ಸುಳ್ಳ ಹೇಳಬೇಕಾಗತಿತ್ತು." ಆಮೇಲೆ ತಲೆ ಎತ್ತಿ, "ನಾನೂ ನಿನ್ನ ಕೇಳದ ಊರ ಬಿಟ್ಟು ಹೋಗಿದ್ದೆ. ಅದು ಸುಳ್ಳಕ್ಕಿಂತ ಕೆಟ್ಟದ್ದು" ಎಂದರು.

ಕ್ಷಮಿಸಿಬಿಟ್ಟೆ ಎಂದು ಹೇಳಲಾರೆ, ಆ ಎರಡೂವರೆ ವರ್ಷದ ಸಿಟ್ಟು ಒಂದು ಮಾತಿಗೆ ಇಳಿಯುವಂಥದ್ದಲ್ಲ. ಆದರೆ ಸೊಂಟದ ಸಂಚಿ ತೆಗೆದು ಚೀಟಿಯನ್ನು ಬಿಡಿಸಿದೆ. ಹರಿಯಲು ಕೈ ಬರಲಿಲ್ಲ. ಬರೆದ ಮಗ್ಗುಲು ಕೆಳಗೆ ಮಾಡಿ ಅವರ ತಾಟಿನ ಪಕ್ಕ ಆ ಒದ್ದೆ ಬಟ್ಟೆಯ ಮೇಲೆ ಹಾಸಿದೆ. ಇಬ್ಬರೂ ಉಂಡೆವು. ಕೈ ತೊಳೆದು ಬರುವಷ್ಟರಲ್ಲಿ ಶಾಯಿಯೆಲ್ಲ ನೀರಿಗೆ ಬಿಟ್ಟು ಬಟ್ಟೆಯ ಮೇಲೆ ಅಂಗೈಯಗಲದ ನೀಲಿ ಕಲೆಯಾಗಿತ್ತು. ಗೋವೆಯವನು ಬಂದವನೇ ಕಲೆ ನೋಡಿ ಹೌಹಾರಿದ. ತೊಳೆದರೂ ಹೋಗುವುದಿಲ್ಲ, ಯಾರು ಮಾಡಿದ್ದು ಇದನ್ನು ಎಂದು ತನ್ನ ಹಿಂದಿಯಲ್ಲಿ ಕೂಗಾಡಿದ.

"ನಾನೇ" ಎಂದೆ.